ಡಿಸ್ಕ್ ಬದಲಾಯಿಸಿದೆ, ಈಗ ವಿಂಡೋಸ್ ಇನ್‌ಸ್ಟಾಲ್ ಆಗುತ್ತಿಲ್ಲ

ಪ್ರಶ್ನೆ: ನನ್ನದು 2013ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಕೊಂಡಾಗ ವಿಂಡೋಸ್ 8 ಇತ್ತು, ಆಮೇಲೆ 10ಕ್ಕೆ ಅಪ್‌ಗ್ರೇಡ್ ಮಾಡಿಕೊಂಡಿದ್ದೆ. ಹಾರ್ಡ್ ಡಿಸ್ಕ್ ಕೆಟ್ಟು ಹೋಯಿತು. ಬೇರೊಂದು ಕಂಪ್ಯೂಟರಿನಿಂದ ತೆಗೆದ ಎಸ್‌ಎಸ್‌ಡಿ ಹಾಕಿದ್ದೇನೆ. ಪೆನ್ ಡ್ರೈವ್‌ನಿಂದ ವಿಂಡೋಸ್ 10 ಹಾಕಲು ಹೋದರೆ, ಡಿಸ್ಕ್‌ನಲ್ಲಿ ಎಂಬಿಆರ್ ಪಾರ್ಟಿಶನ್ ಟೇಬಲ್ ಇದೆ, ಇಲ್ಲಿ ಹಾಕಲು ಆಗದು ಎನ್ನುತ್ತದೆ. ಎಸ್‌ಎಸ್‌ಡಿ ಹಾಳಾಗಿದೆಯಾ? ವಿಂಡೋಸ್‌ಗೆ ಮತ್ತೆ ದುಡ್ಡು ಕೊಡಬೇಕಾ?

ಉತ್ತರ: ಎಸ್‌ಎಸ್‌ಡಿ ಹಾಳಾಗುವುದಕ್ಕೂ ಈ ಸಂದೇಶಕ್ಕೂ ಸಂಬಂಧ ಇಲ್ಲ. ದುಡ್ಡೂ ಕೊಡಬೇಕಿಲ್ಲ.

ಡಿಸ್ಕ್‌ನ ಪಾಲುಗಳ (ಪಾರ್ಟಿಶನ್‌ಗಳ) ಪಟ್ಟಿ ಬರೆದಿಡಲು ಎರಡು ಪದ್ಧತಿ ಇವೆ: ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಕಂಪ್ಯೂಟರ್ ಬೂಟ್ ಆಗುವುದರಲ್ಲೂ, ಅಂದರೆ ಶುರುವಾಗುವುದರಲ್ಲೂ, ಎರಡು ಬಗೆ: ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಲೆಗಸಿಗೆ ಎಂಬಿಆರ್, ಯುಇಎಫ್‌ಐಗೆ ಜಿಪಿಟಿ. ವಿಂಡೋಸ್ ಈ ಜೋಡಿ ವಿಷಯದಲ್ಲಿ ಬಹಳ ಹಟಮಾರಿ. ನಿಮ್ಮ ಪೆನ್ ಡ್ರೈವ್ ಯುಇಎಫ್‌ಐನಲ್ಲಿ ಬೂಟ್ ಆಗಿದೆ, ಎಸ್‌ಎಸ್‌ಡಿಯಲ್ಲಿ ಹಿಂದಿನ ಕಂಪ್ಯೂಟರಿನ ಎಂಬಿಆರ್ ಉಳಿದಿದೆ. ಜಗಳ ಅಷ್ಟೇ.

ಬೂಟ್ ಮೆನುವಿನಲ್ಲಿ ಅದೇ ಪೆನ್ ಡ್ರೈವ್ ಎರಡು ಸಲ ಕಾಣಬಹುದು, ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ. ಇನ್ನೊಂದನ್ನು ಆರಿಸಿದರೂ ಕೆಲಸ ಆದೀತು. ಆದರೆ ವಿಂಡೋಸ್ 8 ಜೊತೆಗೇ ಬಂದ ಲ್ಯಾಪ್‌ಟಾಪ್ ಯುಇಎಫ್‌ಐಗೆಂದೇ ತಯಾರಾದದ್ದು. ಹಿಂದಕ್ಕೆ ಹೋಗುವುದೇಕೆ? ಡಿಸ್ಕನ್ನೇ ಸರಿ ಮಾಡಿ.

ಇನ್‌ಸ್ಟಾಲ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ‘ಡಿಸ್ಕ್‌ಪಾರ್ಟ್’, ಆಮೇಲೆ ‘ಲಿಸ್ಟ್ ಡಿಸ್ಕ್’ ಟೈಪ್ ಮಾಡಿ. ಇಲ್ಲಿ ಸ್ವಲ್ಪ ನಿಲ್ಲಿ. ಪಟ್ಟಿಯಲ್ಲಿ ನಿಮ್ಮ ಪೆನ್ ಡ್ರೈವ್ ಕೂಡ ಇರುತ್ತದೆ. ಸೈಜ್ ನೋಡಿ ಎಸ್‌ಎಸ್‌ಡಿ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಅದರ ನಂಬರ್ 0 ಆಗಿದ್ದರೆ ‘ಸೆಲೆಕ್ಟ್ ಡಿಸ್ಕ್ 0’, ನಂತರ ‘ಕ್ಲೀನ್’. ಇದು ಖಚಿತವೇ ಎಂದು ಕೇಳುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಎಲ್ಲಾ ಅಳಿಸಿಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಹಿಂದಿನ ಫೋಟೊ, ಕಡತ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ಪಾರ್ಟಿಶನ್ ಒಂದೊಂದಾಗಿ ಡಿಲೀಟ್ ಮಾಡಿದರೆ ಸಾಲದಾ ಎಂದು ಹಲವರು ಕೇಳುತ್ತಾರೆ. ಒಂದೂ ಬಿಡದೆ ಎಲ್ಲವನ್ನೂ ಡಿಲೀಟ್ ಮಾಡಿದರೆ ಅದೂ ಸಾಕು. ಈಗ ಕಪ್ಪು ಕಿಟಕಿ ಮುಚ್ಚಿ, ರಿಫ್ರೆಶ್ ಒತ್ತಿ ಮುಂದುವರಿಸಿ. ಜಿಪಿಟಿಯನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಮೊದಲ ರೀಸ್ಟಾರ್ಟ್ ಆಗುತ್ತಿದ್ದಂತೆ ಪೆನ್ ಡ್ರೈವ್ ಕಿತ್ತುಬಿಡಿ, ಇಲ್ಲದಿದ್ದರೆ ಇಡೀ ಕತೆ ಮೊದಲಿನಿಂದ ಶುರುವಾಗಬಹುದು.

ಲೈಸೆನ್ಸ್ ವಿಷಯ. ಅದು ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡ್‌ಗೆ, ಡಿಸ್ಕ್‌ಗೆ ಅಲ್ಲ. ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಎಂದು ದಾಟಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿ. ಹೋಮ್ ಇದ್ದದ್ದಕ್ಕೆ ಆಸೆಪಟ್ಟು ಪ್ರೊ ಹಾಕಿದರೆ ಆಕ್ಟಿವೇಟ್ ಆಗುವುದಿಲ್ಲ. ಇಂಟರ್ನೆಟ್ ಸಿಕ್ಕ ಮೇಲೆ ಉಳಿದದ್ದು ತಾನಾಗಿ ಆಗುತ್ತದೆ. ಹಾಗೆ ಆಗದಿದ್ದರೆ ಮೊದಲು ತಾರೀಖು ನೋಡಿ. ಒಮ್ಮೆ ನಾನೇ ಇಡೀ ಸಂಜೆ ತಲೆ ಕೆರೆದುಕೊಂಡು ಕೂತಿದ್ದೆ. ಒಳಗಿನ ಪುಟ್ಟ ಬಟನ್ ಸೆಲ್ ಸತ್ತು ಕಂಪ್ಯೂಟರ್ ಹಲವು ವರ್ಷ ಹಿಂದಿನ ದಿನದಲ್ಲಿ ಓಡುತ್ತಿತ್ತು!

ಇಷ್ಟೆಲ್ಲಾ ಮಾಡುವ ಮುನ್ನ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಬೇಕು, 2013ರ ಲ್ಯಾಪ್‌ಟಾಪ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಡ್ಡದಾರಿಗಳಿವೆ, ನಾನು ಹೇಳಿಕೊಡುವುದಿಲ್ಲ. ಬ್ರೌಸರ್, ಬರವಣಿಗೆ, ವಿಡಿಯೊ ಇಷ್ಟೇ ನಿಮ್ಮ ಕೆಲಸವಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ನೋಡಿ. 4 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಓಡುತ್ತದೆ. ಡಿಸ್ಕ್ ಮುಟ್ಟದೆ ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಿಡಿಸದಿದ್ದರೆ ಬಿಟ್ಟರಾಯಿತು.

ಪ್ರಶ್ನೆ: ವಿಂಡೋಸ್ 10 ಹೊಸದಾಗಿ ಹಾಕಿದೆ, ಆದರೆ ವೈ-ಫೈ ಕಾಣಿಸುತ್ತಲೇ ಇಲ್ಲ. ವೈ-ಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು!

ಉತ್ತರ: ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಅನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿ. ಇದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಡೇಟಾ ಜಾಸ್ತಿ ಖರ್ಚಾಗದಿರಲು ಫೋನನ್ನು ಮನೆಯ ವೈ-ಫೈಗೆ ಸೇರಿಸಿಟ್ಟಿರಿ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ. ಬಹುತೇಕ ಡ್ರೈವರ್‌ಗಳು ಅದರಲ್ಲೇ ಬರುತ್ತವೆ.