ಓದುಗರ ಪ್ರಶ್ನೆ: ಅರ್ಧ ಕರೆಂಟು ಹಸಿರಾಯಿತೆ?

ಪ್ರಶ್ನೆ: ದೇಶದ ಅರ್ಧ ವಿದ್ಯುತ್ತು ಈಗ ಕಲ್ಲಿದ್ದಲಿನದ್ದಲ್ಲ ಎಂದು 2025ರಲ್ಲಿ ಸುದ್ದಿ ಓದಿದೆ. ಹಾಗಾದರೆ ರಾಯಚೂರು, ಬಳ್ಳಾರಿಯ ಸ್ಥಾವರಗಳು ಇನ್ನೂ ಯಾಕೆ ಉರಿಯುತ್ತಿವೆ?
– ಓದುಗರು, ತಿಪಟೂರು

ಉತ್ತರ: ಅರ್ಧವಾದದ್ದು ಸ್ಥಾಪಿತ ಸಾಮರ್ಥ್ಯ, ಅಂದರೆ ಕೂರಿಸಿದ ಸ್ಥಾವರಗಳ ಒಟ್ಟು ಶಕ್ತಿ. ನಿಜಕ್ಕೂ ಉತ್ಪಾದನೆಯಾದ ಯೂನಿಟ್ ಅಲ್ಲ. 2025ರ ಜೂನ್ ಕೊನೆಗೆ ಒಟ್ಟು ಸಾಮರ್ಥ್ಯ ಸುಮಾರು 485 ಗಿಗಾವಾಟ್. ಸೌರ, ಪವನ, ಜಲ, ಜೈವಿಕ, ಅಣು ಎಲ್ಲ ಕೂಡಿ ಅದರಲ್ಲಿ 243ರ ಹತ್ತಿರ. ಆದರೆ ದೊಡ್ಡ ಪಂಪು ಕೂರಿಸಿದ ಮಾತ್ರಕ್ಕೆ ತೊಟ್ಟಿ ತುಂಬದು, ಎಷ್ಟು ಹೊತ್ತು ಓಡಿತು ಎಂಬುದೇ ಲೆಕ್ಕ. ಪಾವಗಡದ ಸೌರ ಪಾರ್ಕಿನ 2,050 ಮೆಗಾವಾಟ್ ದಿನವಿಡೀ ಓಡಿದ್ದರೆ 4.9 ಕೋಟಿ ಯೂನಿಟ್ ಸಿಗಬೇಕು. ಬಿಸಿಲಿನ ಹೊತ್ತಷ್ಟೇ ಓಡುವುದರಿಂದ ಅದರ ನಾಲ್ಕನೇ ಅಥವಾ ಐದನೇ ಒಂದು ಪಾಲು ಸಿಗುತ್ತದೆ. ಸಂಜೆ ಏಳಕ್ಕೆ ಊರೆಲ್ಲ ದೀಪ ಹಚ್ಚುವಾಗ ಅದು ಸೊನ್ನೆ. ಹಾಗಾಗಿ ದೇಶದ ಯೂನಿಟ್‌ಗಳಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ಶೇ 70ರ ಆಸುಪಾಸಿನಲ್ಲಿದೆ.

ಪ್ಯಾರಿಸ್ ಒಪ್ಪಂದದಡಿ 2022ರಲ್ಲಿ ಭಾರತ ಕೊಟ್ಟ ಮಾತೂ ಸಾಮರ್ಥ್ಯದ ಲೆಕ್ಕದ್ದೇ: 2030ರೊಳಗೆ ಶೇ 50. ಐದು ವರ್ಷ ಮೊದಲೇ ಗುರಿ ಮುಟ್ಟಿದೆವು ಎಂಬುದು ಸುಳ್ಳಲ್ಲ. ಹೊಗೆಯೂ ಅರ್ಧವಾಯಿತು ಎಂಬಂತೆ ಅದನ್ನು ವೇದಿಕೆಗಳಲ್ಲಿ ಹೇಳುತ್ತಾರಲ್ಲ, ಅದು ತಪ್ಪು.

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಕೊಡುವುದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದಂತೆ, ನಿಜವೆ?
– ಓದುಗರು, ಸಾಗರ

ಉತ್ತರ: ನಿಜ. ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಳಕಳಲೆಗೆ ನೀರೆತ್ತಲು 100 ಯೂನಿಟ್ ಸುರಿದರೆ, ಇಳಿಸುವಾಗ ಬರುವುದು ಸುಮಾರು 75–80. ಅದು ಸ್ಥಾವರವಲ್ಲ, 2,000 ಮೆಗಾವಾಟಿನ ಬ್ಯಾಟರಿ. ಮಧ್ಯಾಹ್ನ ಮಿಕ್ಕಿದ್ದನ್ನು ಸಂಜೆಗೆ ದಾಟಿಸುವ ಕೆಲಸ ಅದರದ್ದು. ಆದ್ದರಿಂದ ‘ಹೆಚ್ಚು ತಿನ್ನುತ್ತದೆ’ ಎಂಬ ಆಕ್ಷೇಪದಲ್ಲಿ ಬಲವಿಲ್ಲ. ಬಲವಿರುವುದು ಕಾಡಿನ ಪ್ರಶ್ನೆಯಲ್ಲಿ: ಜಾಗ ಸಿಂಗಳೀಕ ಅಭಯಾರಣ್ಯದೊಳಗಿದೆ. ಲಿಥಿಯಂ ಬ್ಯಾಟರಿಯನ್ನಾದರೆ ಸಬ್‌ಸ್ಟೇಷನ್ ಪಕ್ಕದ ಬಯಲಿನಲ್ಲೂ ಇಡಬಹುದು. ಅದರ ಆಯುಷ್ಯ ಕಡಿಮೆ, ಆದರೆ ಸುರಂಗ ಕೊರೆಯಬೇಕಿಲ್ಲ. ಚರ್ಚೆ ನಡೆಯಬೇಕಾದದ್ದು ಇವೆರಡರ ನಡುವೆ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಸೂರ್ಯಘರ್ ಸಬ್ಸಿಡಿ ಪಡೆದು ತಾರಸಿಗೆ ಸೋಲಾರ್ ಹಾಕಿಸಲೆ?
– ಓದುಗರು, ದಾವಣಗೆರೆ

ಉತ್ತರ: ಬಿಲ್ಲು ಸೊನ್ನೆಯೇ ಇದ್ದರೆ ಬೇಡ. ಉಳಿಸಲು ದುಡ್ಡೇ ಇಲ್ಲ. ರಾಜ್ಯ ಸರ್ಕಾರ ಗೃಹಜ್ಯೋತಿಯಲ್ಲಿ ಬಿಲ್ಲನ್ನೇ ತೆಗೆದುಹಾಕಿದೆ, ಕೇಂದ್ರ ಸರ್ಕಾರ ಸೂರ್ಯಘರ್‌ನಲ್ಲಿ ಬಿಲ್ಲು ಉಳಿಸಿಕೊಳ್ಳಿ ಎಂದು ಸಬ್ಸಿಡಿ ಕೊಡುತ್ತಿದೆ. ಎರಡರ ಲಾಭವೂ ಒಂದೇ ಮನೆಗೆ ದಕ್ಕುವುದು ಕಷ್ಟ.

ತಿಂಗಳಿಗೆ ಗೃಹಜ್ಯೋತಿಯ ಮಿತಿಯಾದ 200 ಯೂನಿಟ್ ದಾಟುವವರ ಮಾತೇ ಬೇರೆ. ದಾಟಿದರೆ ಇಡೀ ಬಿಲ್ಲು ಕಟ್ಟಬೇಕಲ್ಲ. 300–350 ಯೂನಿಟ್ ಬಳಸುವ ಮನೆಗೆ 3 ಕಿಲೋವಾಟ್ ಸಾಕು: 540 ವಾಟಿನ 6 ಪ್ಯಾನೆಲ್, ನೆರಳಿಲ್ಲದ ಸುಮಾರು 300 ಚದರ ಅಡಿ. ಕಿಲೋವಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದುಕೊಳ್ಳಿ, ಮಳೆಗಾಲದಲ್ಲಿ ಕಡಿಮೆ. ಸಬ್ಸಿಡಿ ಮೊದಲ 2 ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅಲ್ಲಿಂದ ಮೇಲೆ ಎಷ್ಟು ಕೂರಿಸಿದರೂ ಅಷ್ಟೇ.

ಸಬ್ಸಿಡಿ ಹಣ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ತೀರಿಹೋದ ತಂದೆಯ ಹೆಸರಿನಲ್ಲಿದ್ದು, ಬ್ಯಾಂಕ್ ಖಾತೆ ಮಗನದ್ದಾಗಿದ್ದರೆ ಮೊದಲು ಎಸ್ಕಾಂ ಕಚೇರಿಯಲ್ಲಿ ಹೆಸರು ವರ್ಗಾಯಿಸಿಕೊಳ್ಳಿ. ಸೂರ್ಯಘರ್ ಪೋರ್ಟಲ್‌ನಲ್ಲಿ ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಿ. ಪ್ಯಾನೆಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು, ಕೊಟೇಶನ್‌ನಲ್ಲಿ ‘ಡಿಸಿಆರ್’ (ದೇಶೀಯ ತಯಾರಿಕೆಯ ಷರತ್ತು) ಎಂದು ಬರೆಸಿಕೊಳ್ಳಿ. ಅಗ್ಗದ ಕೊಟೇಶನ್‌ನಲ್ಲಿ ಈ ಪದ ಇಲ್ಲದಿದ್ದರೆ ಸಬ್ಸಿಡಿ ಕೈತಪ್ಪಬಹುದು. ಲೈನಿಗೆ ಕೊಟ್ಟದ್ದು, ಪಡೆದದ್ದು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತು, ಪರಿಶೀಲನೆ ಮುಗಿದ ಮೇಲಷ್ಟೇ ಹಣ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಮೊತ್ತ ನಿಮ್ಮ ಕೈಯಿಂದ, ಅಥವಾ ಸಾಲದಿಂದ.

ಮುಖ ದಕ್ಷಿಣಕ್ಕಿರಲಿ, ಓರೆ 12–15 ಡಿಗ್ರಿ. ಪ್ಯಾನೆಲ್‌ಗಳು ಸರಣಿಯಲ್ಲಿ ಇರುವುದರಿಂದ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಉತ್ಪಾದನೆ ಕುಗ್ಗುತ್ತದೆ. ತೊಳೆಯುವುದು ಬೆಳಗ್ಗೆ ಬೇಗ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಗಡಸು ಬೋರ್‌ವೆಲ್ ನೀರು ಬಿಳಿ ಕಲೆ ಕೂರಿಸುತ್ತದೆ, ಒರೆಸಿ ತೆಗೆಯಿರಿ.

ಇನ್ನೊಂದು: ಲೈನಿನಲ್ಲಿ ಕರೆಂಟು ಹೋದರೆ ನಡುಮಧ್ಯಾಹ್ನದಲ್ಲೂ ಈ ಸೋಲಾರ್ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿಯೇ ಬಂದ್ ಆಗುತ್ತದೆ. ಪವರ್ ಕಟ್‌ನಲ್ಲೂ ಫ್ಯಾನ್ ತಿರುಗಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಅದರ ಖರ್ಚು ಬೇರೆ, ಬ್ಯಾಟರಿಗೆ ಈ ಯೋಜನೆಯಲ್ಲಿ ಸಬ್ಸಿಡಿ ಇಲ್ಲ.