ಹಳೇ ಗೇಮಿಂಗ್ ಲ್ಯಾಪ್‌ಟಾಪ್: ಅರ್ಧ ಗಂಟೆ ಆಡಿ ನೋಡ್ದೆ ದುಡ್ಡು ಕೊಡ್ಬೇಡಿ

ಪ್ರಶ್ನೆ: ಸರ್, ಗೇಮ್ ಆಡೋಕೆ ಲ್ಯಾಪ್‌ಟಾಪ್ ಬೇಕು, ಹೊಸದು ತಗೊಳ್ಳೋಷ್ಟು ದುಡ್ಡಿಲ್ಲ. ಎರಡು ಕಣ್ಣಲ್ಲಿದೆ. ಒಂದು ರಿಫರ್ಬಿಶ್ಡ್ (ಹಳೇದನ್ನ ಸರಿಮಾಡಿ ಮಾರೋ) ಆಫೀಸ್ ಲ್ಯಾಪ್‌ಟಾಪ್, 7ನೇ ಜನರೇಶನ್ ಐ7, 16 ಜಿಬಿ ರ‍್ಯಾಮ್, ವಾರಂಟಿ ಕೊಡ್ತಾರಂತೆ. ಇನ್ನೊಂದು ಒಬ್ರು ಬಳಸಿದ ಗೇಮಿಂಗ್ ಲ್ಯಾಪ್‌ಟಾಪ್, ಐ5, 8 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ವಾರಂಟಿ ಇಲ್ಲ. ಮೊದಲನೇದಕ್ಕೆ ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿಸ್ಕೋಬಹುದು ಅಂತ ಅಂಗಡಿಯವ್ರು ಹೇಳ್ತಾರೆ. ಯಾವುದು ತಗೊಳ್ಲಿ?

ಉತ್ತರ: ಮೊದಲನೇದನ್ನ ಮರೆತುಬಿಡಿ. ಲ್ಯಾಪ್‌ಟಾಪ್‌ಗೆ ಡೆಸ್ಕ್‌ಟಾಪ್ ಥರ ಆಮೇಲೆ ಕಾರ್ಡ್ ಹಾಕಿಸೋಕಾಗಲ್ಲ, ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರತ್ತೆ. ಥಂಡರ್‌ಬೋಲ್ಟ್ ಅನ್ನೋ ವೇಗದ ಪೋರ್ಟ್ ಇದ್ರೆ ಹೊರಗಿಂದ ಕಾರ್ಡ್ ಜೋಡಿಸಬಹುದು ನಿಜ, ಆದ್ರೆ ಅದರ ಬಾಕ್ಸು, ಕಾರ್ಡು ಎಲ್ಲಾ ಸೇರಿಸಿದ್ರೆ ನೀವು ಉಳಿಸೋಕೆ ಹೊರಟ ದುಡ್ಡೆಲ್ಲ ಅಲ್ಲೇ ಹೋಗತ್ತೆ. ಐ7 ಅನ್ನೋ ಹೆಸರಿಗೂ ಮರುಳಾಗ್ಬೇಡಿ, 7ನೇ ಜನರೇಶನ್‌ ಪ್ರೊಸೆಸರ್‌ಗಳನ್ನ, ಒಂದೆರಡು ಬಿಟ್ರೆ, ವಿಂಡೋಸ್ 11 ಒಪ್ಪಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು.

ಹಾಗಂತ ಎರಡನೇದಕ್ಕೆ ಈಗ್ಲೇ ದುಡ್ಡು ಕೊಟ್ಬಿಡಿ ಅಂತಾನೂ ಹೇಳಲ್ಲ. 3060 ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ, ಲ್ಯಾಪ್‌ಟಾಪ್‌ನ 3060ಗೆ ಅದನ್ನ ಮಾಡೋ ಎನ್ವಿಡಿಯಾ ಕಂಪನಿ ಇಟ್ಟಿರೋ ಪವರ್ ಲಿಮಿಟ್ಟೇ 60 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ, ತೆಳ್ಳಗಿನ ಮಾಡೆಲ್‌ನಲ್ಲಿ ಕಮ್ಮಿ ವ್ಯಾಟ್ ಕೊಟ್ಟಿರ್ತಾರೆ, ದಪ್ಪ ಇರೋದ್ರಲ್ಲಿ ಜಾಸ್ತಿ, ಅದೇ ಹೆಸರಿನ ಕಾರ್ಡ್ ಒಂದರಲ್ಲಿ ಸಲೀಸಾಗಿ ಓಡಿಸೋ ಗೇಮನ್ನ ಇನ್ನೊಂದರಲ್ಲಿ ಎಳೆದಾಡ್ಕೊಂಡು ಓಡಿಸತ್ತೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆದ್ರೆ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಬರತ್ತೆ, ಮಾರೋರ ಹತ್ರ ಅದರ ಫೋಟೋ ಕೇಳಿ. ಕಳಿಸೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೆ ಬಿಡಿ.

ಮುಖ್ಯವಾದ ಪರೀಕ್ಷೆ ಬೇರೆ ಇದೆ. ಚಾರ್ಜರ್ ಹಾಕಿ ನಿಮ್ಮೆದುರಿಗೇ ಒಂದು ಭಾರೀ ಗೇಮನ್ನ ಕನಿಷ್ಠ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ತೆಗೆದಿಟ್ಟು ಟೆಂಪರೇಚರ್ರೂ ಕ್ಲಾಕ್ ಸ್ಪೀಡೂ ನೋಡ್ತಾ ಇರಿ. ಐದು ನಿಮಿಷ ಎಲ್ಲಾ ಲ್ಯಾಪ್‌ಟಾಪೂ ಚೆನ್ನಾಗೇ ಓಡತ್ತೆ, ಹಳೇದ್ರ ಬಣ್ಣ ಬಯಲಾಗೋದು ಬಿಸಿ ಏರಿದ ಮೇಲೆ. ಸಿಪಿಯು 90 ಡಿಗ್ರಿ ಹತ್ರ ಹೋದ್ರೆ ಗಾಬರಿ ಬೇಡ, ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಅದು ಮಾಮೂಲಿ. ಆದ್ರೆ ಮೊದಲು 80 ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ) ಬರ್ತಿದ್ದದ್ದು ಹದಿನೈದು ನಿಮಿಷದಲ್ಲಿ 40ಕ್ಕೆ ಇಳಿದ್ರೆ ಬಿಸಿ ತಡೀಲಾರದೆ ತಾನೇ ವೇಗ ಇಳಿಸ್ಕೊಳ್ತಿದೆ ಅಂತ ಲೆಕ್ಕ. ಒಳಗೆ ಧೂಳು ತುಂಬಿ, ಚಿಪ್‌ನ ಬಿಸಿ ಹೊರಗೆ ಸಾಗಿಸೋ ಥರ್ಮಲ್ ಪೇಸ್ಟ್ ಒಣಗಿದ್ದಷ್ಟೇ ಕಾರಣ ಆಗಿದ್ರೆ ಕ್ಲೀನ್ ಮಾಡಿಸಿ ಪೇಸ್ಟ್ ಬದಲಾಯಿಸಿದ್ರೆ ಸರಿಹೋಗತ್ತೆ, ಆ ಖರ್ಚು ಹಿಡ್ಕೊಂಡು ಚೌಕಾಸಿ ಮಾಡಿ. ಸ್ಕ್ರೀನ್ ಮೇಲೆ ಬಣ್ಣಬಣ್ಣದ ಚೌಕ, ಗೀಟು ಬಂತು ಅಂದ್ರೆ ಮಾತ್ರ ಚೌಕಾಸಿನೂ ಬೇಡ. ಗ್ರಾಫಿಕ್ಸ್ ಚಿಪ್ಪೇ ಹಾಳಾಗಿದ್ರೆ ಬೋರ್ಡ್ ಸಮೇತ ಬದಲಾಯಿಸ್ಬೇಕಾಗತ್ತೆ.

8 ಜಿಬಿ ರ‍್ಯಾಮ್ ಬಗ್ಗೆ ಚಿಂತೆ ಬೇಡ, ಸ್ಲಾಟ್ ಖಾಲಿ ಇದ್ರೆ ಇನ್ನೊಂದು 8 ಜಿಬಿ ಹಾಕಿಸಿ, ಎರಡೂ ಜೊತೆಯಾಗಿ ಕೆಲಸ ಮಾಡಿ (ಡ್ಯುಯಲ್ ಚಾನೆಲ್) ಎಫ್‌ಪಿಎಸ್ಸೂ ಏರತ್ತೆ. ಎಸ್‌ಎಸ್‌ಡಿ (ಫೈಲ್‌ಗಳು ಇರೋ ಡ್ರೈವ್) ಎಷ್ಟು ಸವೆದಿದೆ ಅಂತ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ನೋಡಿ. ಹಿಂಜ್ ಸಡಿಲ ಇದೆಯಾ ಅಂತ ಮುಚ್ಚಿ ತೆಗೆದು ನೋಡಿ.

3060ದು ಸರಿಬರ್ಲಿಲ್ಲ ಅಂತ ಇನ್ನೂ ಹಳೇದಕ್ಕೆ ಇಳೀಬೇಡಿ. ಎನ್ವಿಡಿಯಾದ ಹಳೇ ಜಿಟಿಎಕ್ಸ್ 10 ಸೀರೀಸ್ ಕಾರ್ಡ್‌ಗಳಿಗೆ ಹೊಸ ಗೇಮ್ ರೆಡಿ ಡ್ರೈವರ್ (ಹೊಸ ಗೇಮ್‌ಗೆ ಕಾರ್ಡನ್ನ ಹೊಂದಿಸೋ ಸಾಫ್ಟ್‌ವೇರ್) ಬರೋದು 2025ರ ಅಕ್ಟೋಬರ್‌ಗೆ ನಿಂತಿದೆ, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಅಷ್ಟೇ. ಡೂಮ್ ದ ಡಾರ್ಕ್ ಏಜಸ್ ಥರದ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕು-ನೆರಳನ್ನ ನಿಜದ ಥರ ತೋರಿಸೋದು) ಹಾರ್ಡ್‌ವೇರ್ ಇಲ್ದೆ ಓಡೋದೇ ಇಲ್ಲ, ಅದು 10 ಸೀರೀಸ್‌ನಲ್ಲೂ ಇಲ್ಲ, ಜಿಟಿಎಕ್ಸ್ 1650 ಕಾರ್ಡ್‌ನಲ್ಲೂ ಇಲ್ಲ. ಹಳೇ ಗೇಮ್‌ಗಳಷ್ಟೇ ಸಾಕು ಅನ್ನೋರಿಗೆ 1650 ಈಗ್ಲೂ ಪರವಾಗಿಲ್ಲ.

ಪ್ರಶ್ನೆ: ಆ ಲ್ಯಾಪ್‌ಟಾಪ್‌ನ ಬ್ಯಾಟರಿ ಒಂದು ಗಂಟೆನೂ ಬರಲ್ವಂತೆ. ಯಾವಾಗ್ಲೂ ಚಾರ್ಜರ್ ಹಾಕ್ಕೊಂಡೇ ಆಡ್ತೀನಲ್ಲ, ತೊಂದ್ರೆ ಇದೆಯಾ?

ಉತ್ತರ: ಬೇಗ ಇಳಿದ್ರೆ ಪರವಾಗಿಲ್ಲ, ಚಾರ್ಜರ್ ಇಲ್ದೆ ಆಡಿದ್ರೆ ಹೊಸ ಲ್ಯಾಪ್‌ಟಾಪ್‌ನಲ್ಲೂ ಕಾರ್ಡ್ ಪೂರ್ತಿ ವೇಗದಲ್ಲಿ ಓಡಲ್ಲ. ಉಬ್ಬಿದ್ರೆ ಮಾತ್ರ ಅಪಾಯ. ಟಚ್‌ಪ್ಯಾಡ್ ಮೇಲೆದ್ದಿದ್ರೆ, ತಳ ಟೇಬಲ್ ಮೇಲೆ ಸಮನಾಗಿ ಕೂರದೆ ಅಲ್ಲಾಡಿದ್ರೆ ಒಳಗೆ ಬ್ಯಾಟರಿ ಊದಿರಬಹುದು, ಅದನ್ನ ಬದಲಾಯಿಸೋವರೆಗೂ ಆನ್ ಮಾಡ್ಬೇಡಿ, ಬೆಂಕಿ ಹತ್ತೋ ಭಯ ಇದೆ. ಚಾರ್ಜರ್ ಒರಿಜಿನಲ್ಲಾ ಅಂತಾನೂ ನೋಡಿ. 3060 ಮಾಡೆಲ್‌ಗಳಿಗೆ ಸಾಮಾನ್ಯವಾಗಿ 180ರಿಂದ 230 ವ್ಯಾಟ್‌ನದ್ದು ಬರತ್ತೆ, ಅದರ ಬದಲು 120 ವ್ಯಾಟ್‌ದು ಕೈಗೆ ಕೊಟ್ರೆ ಚಾರ್ಜೇನೋ ಆಗತ್ತೆ, ಗೇಮ್ ಶುರುವಾದ್ಮೇಲೆ ಪ್ಲಗ್ಗಲ್ಲಿದ್ರೂ ಬ್ಯಾಟರಿ ಇಳೀತಾ ಹೋಗತ್ತೆ.