ಯುದ್ಧ ಬಂದರೆ ಯಾರು ಹೋಗುತ್ತಾರೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಯುದ್ಧದ ಸುದ್ದಿ ಬಂದರೆ ಸಾಕು, ನಮ್ಮ ಪೇಟೆಯ ಹೋಟೆಲಿನಲ್ಲಿ ಎಲ್ಲರೂ ವೀರರೇ. ನಿಜವಾಗಿ ಕರೆ ಬಂದರೆ ಎಷ್ಟು ಮಂದಿ ಹೊರಡುತ್ತಾರೆ? ಅರ್ಧ ಊರು ಗಲ್ಫಿನಲ್ಲಿದೆ. ಅಲ್ಲದೆ, ಕನ್ನಡದಲ್ಲಿ ಅರ್ಜಿ ಕೊಟ್ಟರೆ ಮುಖ ಸಿಂಡರಿಸುವ ಕಚೇರಿಗಳಿರುವಾಗ ಗಡಿನಾಡ ಕನ್ನಡಿಗರು ಯಾರಿಗಾಗಿ ಪ್ರಾಣ ಕೊಡಬೇಕು?’

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಯನ್ನು ಸಮೀಕ್ಷೆ ಮಾಡುವವರೂ ಕೇಳಿದ್ದಾರೆ. ಗ್ಯಾಲಪ್ ಇಂಟರ್‌ನ್ಯಾಷನಲ್ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೇಶಕ್ಕಾಗಿ ಹೋರಾಡುತ್ತೇವೆ ಎಂದವರು ಜಪಾನಿನಲ್ಲಿ ನೂರಕ್ಕೆ 11, ಜರ್ಮನಿಯಲ್ಲಿ 18. ಫಿನ್ಲೆಂಡಿನಲ್ಲಿ 74, ಭಾರತದಲ್ಲಿ 75. ನಾವು ಫಿನ್ಲೆಂಡಿಗೂ ಒಂದು ಕೈ ಮೇಲೆ, ಅಲ್ವಾ? ಆದರೆ ಅಲ್ಲಿ ಗಂಡಸರಿಗೆ ಸೇನಾ ತರಬೇತಿ ಕಡ್ಡಾಯ. ಸುಮಾರು 56 ಲಕ್ಷ ಜನರಲ್ಲಿ ತರಬೇತಿ ಪಡೆದು ಮೀಸಲಿರುವವರೇ 9 ಲಕ್ಷದಷ್ಟು. ಕರೆ ಬಂದರೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದು ಅವರಿಗೆ ಗೊತ್ತು. ನಮ್ಮಲ್ಲಿ ‘ಹೌದು’ ಎಂದವರಲ್ಲಿ ಎಷ್ಟು ಜನರಿಗೆ ಗೊತ್ತು?

ಹಾಗಂತ ಜನರನ್ನು ಹಗುರವಾಗಿ ಕಾಣಬೇಡಿ. ಮಾಡಬೇಕಾದ ಕೆಲಸ ಕಣ್ಣೆದುರಿಗೆ ಬಂದರೆ ಜನ ಇಳಿಯುತ್ತಾರೆ ಎಂಬುದೇ ನನ್ನ ನಂಬಿಕೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ವಿಮಾನಗಳು ಗುಜರಾತಿನ ಭುಜ್ ವಾಯುನೆಲೆಯ ರನ್‌ವೇಗೆ ಬಾಂಬು ಹಾಕಿದವು. ದುರಸ್ತಿಗೆ ಆಳು ಸಾಲಲಿಲ್ಲ. ಪಕ್ಕದ ಮಾಧಾಪರದಿಂದ ಸುಮಾರು 300 ಹೆಂಗಸರು ಬಂದರು. ಸೈರನ್ ಕೂಗಿದರೆ ಪೊದೆಗೆ ಓಡುವುದು, ಅಪಾಯ ಕಳೆದ ಮೇಲೆ ಮತ್ತೆ ಕೆಲಸ. 72 ಗಂಟೆಗಳಲ್ಲಿ ರನ್‌ವೇ ಸಿದ್ಧವಾಯಿತು. ಅವರಲ್ಲಿ ಯಾರೂ ಬಂದೂಕು ಹಿಡಿದವರಲ್ಲ. 2018ರ ನೆರೆಯಲ್ಲಿ ನಮ್ಮ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋದದ್ದೂ ನಿಮಗೆ ನೆನಪಿರಬಹುದು. ನೆರೆ ಯುದ್ಧವಲ್ಲ, ಅಲ್ಲಿ ಎದುರಿನಿಂದ ಗುಂಡು ಬರುವುದಿಲ್ಲ, ಒಪ್ಪುತ್ತೇನೆ.

ಯುದ್ಧ ಉದ್ದವಾದರೆ ಮಾತ್ರ ಕಥೆ ಬೇರೆ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಸಾಮಾನ್ಯರು ಬಂದೂಕಿಗಾಗಿ ಸಾಲು ನಿಂತರು. ಆಗಲೂ 18ರಿಂದ 60ರೊಳಗಿನ ಗಂಡಸರು ದೇಶ ಬಿಡದಂತೆ ಸರಕಾರ ತಡೆ ಹಾಕಿತ್ತು. 2024ರಲ್ಲಿ ಕಡ್ಡಾಯ ಸೇರ್ಪಡೆಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಬೇಕಾಯಿತು. ಮೊದಲ ವಾರದ ಹುರುಪನ್ನು ನಂಬಿ ಯಾವ ದೇಶವೂ ಎರಡು ವರ್ಷ ಕಾದಾಡಲಾಗದು.

ಗಲ್ಫಿನ ಮಾತು ಸ್ವಲ್ಪ ಜಾಸ್ತಿಯಾಯಿತು. ಮನೆಯ ಸಾಲ ತೀರಿಸಲು ಹೋದವನ ದೇಶಪ್ರೇಮವನ್ನು ವಿಮಾನದ ಟಿಕೆಟಿನಿಂದ ಅಳೆಯುವುದು ಬೇಡ.

ಕನ್ನಡದ ಅರ್ಜಿಯ ಸಿಟ್ಟು ನ್ಯಾಯವಾದದ್ದೇ. 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿದಂದಿನಿಂದ ಇರುವ ದೂರು ಅದು. ಆ ಜಗಳವನ್ನು ಆ ಕಚೇರಿಯ ಎದುರೇ ಮಾಡೋಣ, ಬಿಡುವುದು ಬೇಡ. ಅದನ್ನು ದೇಶದ ಲೆಕ್ಕಕ್ಕೆ ಬರೆದರೆ, ‘ನಿಮ್ಮ ನಿಷ್ಠೆ ತೋರಿಸಿ’ ಎಂದು ನಮ್ಮನ್ನು ಕೆಣಕುವವರಿಗೆ ನಾವೇ ಸುಮ್ನೆ ದಾರಿ ಮಾಡಿಕೊಟ್ಟ ಹಾಗೆ.

ನಿಮ್ಮ ಪೇಟೆಯಲ್ಲಿ ನಿಜಕ್ಕೂ ಆಸಕ್ತಿ ಇರುವವರಿದ್ದರೆ ಟೆರಿಟೋರಿಯಲ್ ಆರ್ಮಿಯ ವಿಷಯ ತಿಳಿಸಿ. ಕೈಯಲ್ಲಿರುವ ಉದ್ಯೋಗ ಬಿಡದೆ ಸೇರಬಹುದಾದ ಪಡೆ ಅದು, 1949ರಿಂದ ಇದೆ. ಕೋಝಿಕ್ಕೋಡಿನಲ್ಲಿರುವ ಅದರ 122ನೇ ಬೆಟಾಲಿಯನ್ 2024ರ ವಯನಾಡು ಭೂಕುಸಿತದಲ್ಲಿ ರಕ್ಷಣೆಗೆ ಇಳಿದಿತ್ತು. ಅಷ್ಟು ಆಗದವರು ಕಾಸರಗೋಡು ಅಥವಾ ಉಪ್ಪಳದ ಅಗ್ನಿಶಾಮಕ ಠಾಣೆಗೆ ಹೋಗಿ ಸಿವಿಲ್ ಡಿಫೆನ್ಸ್ ಸ್ವಯಂಸೇವಕರ ತಂಡಕ್ಕೆ ಸೇರುವುದು ಹೇಗೆಂದು ವಿಚಾರಿಸಬಹುದು.